ಸುಹೈಲ್ ಅಂದ್ರೆ ಬೆಳದಿಂಗಳಾ, ನಕ್ಷತ್ರಾನಾ, ಸುಲಭಾನಾ?

ತುಂಗೆದಡ
ಮನೆಯಲ್ಲಿ ಗಂಡುಮಗು ಹುಟ್ಟಿದೆ. ಸುಹೈಲ್ ಅಂತ ಹೆಸರಿಡೋದು ಹೆಚ್ಚುಕಮ್ಮಿ ಗಟ್ಟಿಯಾಗಿದೆ. ಮೊಬೈಲಲ್ಲಿ ಅರ್ಥ ಹುಡುಕಿದರೆ ಒಂದು ಕಡೆ ‘ಚಂದ್ರನ ಕಾಂತಿ’, ಇನ್ನೊಂದು ಕಡೆ ‘ನಕ್ಷತ್ರ’, ಮತ್ತೊಂದು ಕಡೆ ‘ಸುಲಭ’ ಅಂತ ಬರುತ್ತೆ. ಒಂದೇ ಹೆಸರಿಗೆ ಇವು ಮೂರೂ ಹೇಗೆ ಕೂಡುತ್ತವೆ? ಹೆಸರು ಕುರ್‌ಆನ್‌ನಲ್ಲಿ ಇದೆಯಾ? ಕನ್ನಡದಲ್ಲಿ ಸುಹೈಲ್, ಸುಹೇಲ್, ಸೊಹೇಲ್ ಮೂರನ್ನೂ ನೋಡಿದ್ದೀನಿ, ಯಾವುದು ಬರೆಸಬೇಕು? ಮಗು ಹುಟ್ಟಿದ್ದು ಶನಿವಾರ ಮಧ್ಯಾಹ್ನ. ಗೊತ್ತಿರೋರು ಬಿಡಿಸಿ ಹೇಳಿ.

ನಹ್ವ್‌ಸರ್ಫ್
ಚಂದ್ರನ ಕಾಂತಿಯನ್ನ ಮೊದಲು ಪಟ್ಟಿಯಿಂದ ತೆಗೆದುಹಾಕಿ. ಅರಬಿಯಲ್ಲಿ ಚಂದ್ರ ಖಮರ್, ಹುಣ್ಣಿಮೆ ಚಂದ್ರ ಬದ್ರ್, ಎಳೆಯ ಚಂದ್ರ ಹಿಲಾಲ್. ಇವ್ಯಾವುದಕ್ಕೂ ಸುಹೈಲ್‌ಗೂ ನಂಟಿಲ್ಲ. ಹೆಸರಿನ ಪಟ್ಟಿ ಮಾಡೋರು ಒಬ್ಬರದನ್ನ ಒಬ್ಬರು ಎತ್ತಿ ಬರೆಯೋದರಿಂದ ಒಂದು ತಪ್ಪು ನೂರು ಕಡೆ ನಿಂತುಬಿಡುತ್ತೆ.

ಹೆಸರು ಬರೆಯೋದು ನಾಲ್ಕು ಅಕ್ಷರದಲ್ಲಿ: ಸೀನ್, ಹಾ, ಯಾ, ಲಾಮ್. ಯಾ ಆಮೇಲೆ ಸೇರಿದ್ದು, ಧಾತು ಇರೋದು ಮೂರೇ ಅಕ್ಷರ, ಸ-ಹ-ಲ. ಆ ಧಾತುವಿನ ನೇರ ಪದ ‘ಸಹ್ಲ್’. ಸಹ್ಲ್ ಅಂದರೆ ಕಲ್ಲು ಕೊರಕಲು ಇಲ್ಲದ ಸಮನಾದ ನೆಲ, ಬಯಲು. ನಡೆಯೋಕೆ ಕಾಲಿಗೆ ಕಷ್ಟವಿಲ್ಲದ್ದು ಅನ್ನೋದರಿಂದ ‘ಸುಲಭ’ ಅನ್ನೋ ಅರ್ಥವೂ, ಮನುಷ್ಯನಿಗೆ ಹೇಳಿದಾಗ ‘ಗಡಸಿಲ್ಲದ ಸ್ವಭಾವದವನು’ ಅನ್ನೋ ಅರ್ಥವೂ ಬಂದಿದೆ. ಅರಬರು ಮನೆಗೆ ಬಂದೋರಿಗೆ ‘ಅಹ್ಲನ್ ವ ಸಹ್ಲನ್’ ಅಂತಾರಲ್ಲ, ಅಲ್ಲಿರೋದೂ ಇದೇ ಸಹ್ಲ್. ‘ನಿಮ್ಮವರ ಹತ್ತಿರವೇ ಬಂದಿದ್ದೀರಿ, ಸಮನೆಲಕ್ಕೆ ಕಾಲಿಟ್ಟಿದ್ದೀರಿ’ ಅನ್ನೋದು ಅದರ ತಿರುಳು.

ಇದರ ವಿರುದ್ಧ ಪದ ‘ಹಜ್ನ್’, ಏರುತಗ್ಗಿನ ಒರಟು ನೆಲ. ಶಿವಮೊಗ್ಗದೋರಿಗೆ ಇದನ್ನ ವಿವರಿಸೋದು ಕಷ್ಟವಲ್ಲ. ಶಿಕಾರಿಪುರದ ಕಡೆ ಬಯಲಾಗ್ತಾ ಹೋಗೋ ನೆಲ ಸಹ್ಲ್, ಹೊಸನಗರ, ಆಗುಂಬೆ ಕಡೆಯದು ಹಜ್ನ್. ಬುಖಾರಿ ಅನ್ನೋ ಸಂಗ್ರಹದಲ್ಲಿ ಇದರ ಮೇಲೇ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ಸಯೀದ್ ಬಿನ್ ಮುಸಯ್ಯಿಬ್ ಅವರ ತಾತ ಪ್ರವಾದಿಯವರ ಬಳಿ ಬಂದಾಗ ಹೆಸರೇನು ಅಂತ ಕೇಳ್ತಾರೆ. ಹಜ್ನ್ ಅಂತಾರೆ. ‘ಅಲ್ಲ, ನೀವು ಸಹ್ಲ್’ ಅಂತ ಪ್ರವಾದಿಯವರು ಹೇಳ್ತಾರೆ. ಅಪ್ಪ ಇಟ್ಟ ಹೆಸರನ್ನ ಬದಲಾಯಿಸಲ್ಲ ಅಂತ ಆತ ಒಪ್ಪಲಿಲ್ಲ. ಆ ಒರಟುತನ ಅಲ್ಲಿಂದ ಮುಂದೆ ನಮ್ಮ ಮನೆತನದಲ್ಲಿ ಉಳಿದುಬಿಡ್ತು ಅಂತ ಮೊಮ್ಮಗ ಸಯೀದ್ ಹೇಳ್ತಿದ್ದರು. ಹೆಸರಿಡುವಾಗ ಅರ್ಥ ನೋಡಿ ಅನ್ನೋರು ಮೊದಲು ಎತ್ತೋ ಮಾತೇ ಇದು, ಅದೂ ನಿಮ್ಮ ಹೆಸರಿನ ಧಾತುವಿನ ಮೇಲೇ ನಿಂತಿದೆ.

ಇನ್ನು ಸಹ್ಲ್ ಸುಹೈಲ್ ಆಗಿದ್ದು ಹೇಗೆ ಅಂದರೆ, ಅರಬಿಯಲ್ಲಿ ‘ತಸ್ಗೀರ್’ ಅಂತ ಒಂದು ರೂಪ ಇದೆ, ಚಿಕ್ಕದು ಅಥವಾ ಮುದ್ದಿನದು ಅನ್ನೋಕೆ. ಮೂರಕ್ಷರದ ಪದದ ಮೊದಲ ಅಕ್ಷರಕ್ಕೆ ಉ-ಕಾರ, ಎರಡನೆಯದಕ್ಕೆ ಅ-ಕಾರ, ಆಮೇಲೆ ಒಂದು ಯಾ. ಹಸನ್ ಹುಸೈನ್ ಆಗುತ್ತೆ, ಅಬ್ದ್ ಉಬೈದ್ ಆಗುತ್ತೆ, ಜುಂದ್ (ಸೈನ್ಯ) ಜುನೈದ್ ಆಗುತ್ತೆ. ಅದೇ ಅಚ್ಚಿನಲ್ಲಿ ಸಹ್ಲ್ ಸುಹೈಲ್. ಕನ್ನಡದಲ್ಲಿ ಮಗುವನ್ನ ‘ಪುಟ್ಟ’ ಸೇರಿಸಿ ಕರೆಯೋ ಹಾಗೆ ಅಂದುಕೊಳ್ಳಿ, ಆದರೆ ಅಲ್ಲಿ ಹೊಸ ಪದ ಸೇರಲ್ಲ, ಪದದ ಒಳಗಿನ ಸ್ವರವೇ ತಿರುಗುತ್ತೆ.

ಕುರ್‌ಆನ್‌ನಲ್ಲಿ ಸುಹೈಲ್ ಅನ್ನೋ ಹೆಸರಿಲ್ಲ. ಧಾತು ಇದೆ. 7ನೇ ಅಧ್ಯಾಯ ಅಲ್-ಅಅ್‌ರಾಫ್‌ನ 74ನೇ ಆಯತ್‌ನಲ್ಲಿ ಸಮೂದ್ ಜನ ‘ಸುಹೂಲ್’ಗಳಲ್ಲಿ, ಅಂದರೆ ಬಯಲುಗಳಲ್ಲಿ, ಅರಮನೆ ಕಟ್ಟಿದರು, ಬೆಟ್ಟ ಕೊರೆದು ಮನೆ ಮಾಡಿದರು ಅಂತ ಬರುತ್ತೆ. ಸುಹೂಲ್ ಅಂದರೆ ಸಹ್ಲ್‌ನ ಬಹುವಚನ.

ಹಳಗನ್ನಡ ಓದು
ಮೇಷ್ಟ್ರೇ, ಒಂದು ಸಂದೇಹ. ನಾವು ದಿನಾ ‘ಸಲೀಸು’ ಅಂತೀವಲ್ಲ, ಕೆಲಸ ಸಲೀಸಾಗಿ ಆಯ್ತು ಅಂತ. ಅದೂ ಸಹ್ಲ್ ಕಡೆಯದೇನಾ?

ನಹ್ವ್‌ಸರ್ಫ್
ಅಲ್ಲ ಅಕ್ಕ. ಸಲೀಸು ಬಂದಿದ್ದು ‘ಸಲೀಸ್’ ಅನ್ನೋ ಪದದಿಂದ. ಅದರ ಧಾತು ಸ-ಲ-ಸ, ಅಲ್ಲಿ ಸೀನ್ ಎರಡು ಸಲ ಬರುತ್ತೆ, ಹಾ ಇಲ್ಲ. ಅರ್ಥ ನೆರೆಮನೆಯದು, ಧಾತು ಬೇರೆ. ಸಹ್ಲ್‌ನ ನಿಜವಾದ ಒಡಹುಟ್ಟುಗಳು ಬೇಕಂದರೆ ಯುನಾನಿ ಹಕೀಮರ ಚೀಟಿ ನೋಡಿ. ಭೇದಿಗೆ ಕೊಡೋ ಔಷಧಿಗೆ ‘ಮುಸ್‌ಹಿಲ್’ ಅಂತಾರೆ, ಹೊಟ್ಟೆಯನ್ನ ಸಡಿಲ ಮಾಡೋದು ಅಂತ. ಒಂದು ಕೆಲಸವನ್ನ ಸುಗಮ ಮಾಡಿಕೊಡೋದಕ್ಕೆ ‘ತಸ್‌ಹೀಲ್’. ಧಾತು ಒಂದೇ ಆದರೂ ಪ್ರತಿ ರೂಪಕ್ಕೂ ಅದರದೇ ಬಳಕೆ. ಹಾಗಾಗಿ ಮುಸ್‌ಹಿಲ್ ತೋರಿಸಿ ಸುಹೈಲ್ ಹೆಸರಿಗೆ ಕೊಂಕು ತೆಗೆಯೋರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ರಾತ್ರಿ ಆಕಾಶ, ಸಾಗರ
ಧಾತು ಸರಿ. ಆದರೆ ಅರಬಿ ಮಾತಾಡೋ ಯಾರನ್ನಾದರೂ ‘ಸುಹೈಲ್ ಅಂದರೇನು’ ಅಂತ ಕೇಳಿ, ಮೊದಲು ಬೆರಳು ತೋರಿಸೋದು ಆಕಾಶಕ್ಕೆ. ರಾತ್ರಿ ಆಕಾಶದಲ್ಲಿ ಲುಬ್ಧಕ (ಸಿರಿಯಸ್) ಬಿಟ್ಟರೆ ಅತಿ ಪ್ರಕಾಶವಾದ ನಕ್ಷತ್ರ ಅದು. ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಯಾನೋಪಸ್. ನಮ್ಮಲ್ಲಿ ಅಗಸ್ತ್ಯ. ಪಂಚಾಂಗ ನೋಡೋ ಮನೆಯವರಿಗೆ ‘ನಿಮ್ಮ ಅಗಸ್ತ್ಯ ನಕ್ಷತ್ರವೇ ನಮ್ಮ ಸುಹೈಲ್’ ಅಂದರೆ ಸಾಕು, ಬೇರೆ ವಿವರಣೆ ಬೇಡ.

ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) −0.74, ದೂರ ಸುಮಾರು 310 ಜ್ಯೋತಿರ್ವರ್ಷ. ಆಕಾಶದ ಸಮಭಾಜಕದಿಂದ 52.7 ಡಿಗ್ರಿ ದಕ್ಷಿಣಕ್ಕಿದೆ. ಈ ಒಂದು ಅಂಕಿ ಇಟ್ಟುಕೊಂಡರೆ ಉಳಿದಿದ್ದೆಲ್ಲ ಲೆಕ್ಕ ಮಾಡಬಹುದು. ಶಿವಮೊಗ್ಗ ಇರೋದು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 90ರಿಂದ 13.9 ಕಳೆಯಿರಿ, ಅದರಿಂದ 52.7 ಕಳೆಯಿರಿ, 23.4 ಉಳಿಯುತ್ತೆ. ಅಂದರೆ ಇಲ್ಲಿ ಅದು ಎಷ್ಟೇ ಮೇಲೇರಿದರೂ ದಕ್ಷಿಣ ದಿಗಂತದಿಂದ 23 ಡಿಗ್ರಿ ಚಿಲ್ಲರೆ ಮಾತ್ರ. ಕೈ ನೀಟಾಗಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಎರಡು ಮುಷ್ಟಿ ಮತ್ತೆ ಮೂರು ನಾಲ್ಕು ಡಿಗ್ರಿ, ಅಷ್ಟೇ.

ಮಲೆನಾಡಿನಲ್ಲಿ ಕಾಣಲ್ಲ ಅನ್ನೋರು ಇದನ್ನ ಮರೀತಾರೆ. ಅಡಿಕೆ ತೋಟದ ಅಂಚಿನಲ್ಲಿ ನಿಂತರೆ 23 ಡಿಗ್ರಿ ಎತ್ತರವನ್ನ ಮರಗಳೇ ನುಂಗಿಬಿಡುತ್ತವೆ. ದಕ್ಷಿಣಕ್ಕೆ ಗುಡ್ಡ ಇದ್ದರೂ ಅದೇ ಕಥೆ. ದಕ್ಷಿಣ ತೆರೆದಿರೋ ಗದ್ದೆಬಯಲು, ಕೆರೆ ಏರಿ, ಅಥವಾ ಮನೆಯ ತಾರಸಿ ಬೇಕು. ಕಾಲವೂ ಮುಖ್ಯ. ಫೆಬ್ರವರಿ ಮಧ್ಯದಲ್ಲಿ ರಾತ್ರಿ 9.15ರ ಹೊತ್ತಿಗೆ ಸರಿಯಾಗಿ ದಕ್ಷಿಣದಲ್ಲಿ ಅತಿ ಎತ್ತರದಲ್ಲಿರುತ್ತೆ, ಆಗ ಮೋಡವೂ ಇರಲ್ಲ. ದಿನಕ್ಕೆ ನಾಲ್ಕು ನಿಮಿಷ ಬೇಗ ಆಗ್ತಾ ಹೋಗುತ್ತೆ. ಡಿಸೆಂಬರ್ ಕೊನೆಯಲ್ಲಿ ಅದೇ ಜಾಗಕ್ಕೆ ಬರೋಕೆ ಮಧ್ಯರಾತ್ರಿ ದಾಟುತ್ತೆ, ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹತ್ತಕ್ಕೆಲ್ಲ ಮುಳುಗಿರುತ್ತೆ.

ಗುರುತು ಹಿಡಿಯೋದು ಹೀಗೆ. ಮಹಾವ್ಯಾಧನ (ಓರಿಯನ್ ಪುಂಜ) ಸೊಂಟದ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು. ಆ ಮೂರರ ಗೆರೆಯನ್ನ ಆಗ್ನೇಯಕ್ಕೆ ಎಳೆದರೆ ಧಗಧಗ ಉರಿಯೋ ಲುಬ್ಧಕ. ಲುಬ್ಧಕನಿಂದ ನೇರ ಕೆಳಗೆ, ದಕ್ಷಿಣಕ್ಕೆ, ಮೂರೂವರೆ ಮುಷ್ಟಿ ಇಳಿಯಿರಿ. ಸುತ್ತ ಅಂಥಾ ಬೆಳಕಿನ ಬೇರೆ ನಕ್ಷತ್ರವೇ ಇಲ್ಲ, ತಪ್ಪೋಕೆ ಸಾಧ್ಯವಿಲ್ಲ. ಕೆಳಗಿರೋದರಿಂದ ಗಾಳಿಯ ಪದರ ದಪ್ಪ, ಹಾಗಾಗಿ ತುಂಬ ಮಿನುಗುತ್ತೆ, ಒಮ್ಮೊಮ್ಮೆ ಕೆಂಪು ಹಸಿರು ಮಿಂಚಿದ ಹಾಗೆ ಕಾಣುತ್ತೆ. ದಿಕ್ಸೂಚಿ ಇಲ್ಲದಿದ್ದರೆ ಮಸೀದಿ ಹತ್ತಿರ ಕಿಬ್ಲಾಕ್ಕೆ, ಅಂದರೆ ನಮಾಜಿಗೆ ತಿರುಗೋ ಮಕ್ಕಾದ ದಿಕ್ಕಿಗೆ, ಮುಖ ಮಾಡಿ ನಿಲ್ಲಿ. ನಮ್ಮ ಊರಿಂದ ಕಿಬ್ಲಾ ನೇರ ಪಶ್ಚಿಮ ಅಲ್ಲ, 17, 18 ಡಿಗ್ರಿ ಉತ್ತರಕ್ಕೆ ವಾಲಿದೆ. ಎಡಗೈ ಪಕ್ಕಕ್ಕೆ ಚಾಚಿ, ಅಲ್ಲಿಂದ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ ಬೆನ್ನ ಕಡೆಗೆ ಸರಿಸಿದರೆ ಅದು ನಿಜವಾದ ದಕ್ಷಿಣ.

ಹಳಗನ್ನಡ ಓದು
ಅಗಸ್ತ್ಯ ಅಂದಿದ್ದೇ ತಡ, ಹೇಳದೇ ಇರೋಕಾಗಲ್ಲ. ರಘುವಂಶದ ನಾಲ್ಕನೇ ಸರ್ಗದಲ್ಲಿ ಕಾಳಿದಾಸ ಶರತ್ಕಾಲ ಬಂತು ಅನ್ನೋದನ್ನ ಕುಂಭಯೋನಿ ಹುಟ್ಟಿದ, ನೀರು ತಿಳಿಯಾಯ್ತು ಅಂತ ಹೇಳ್ತಾನೆ. ಕುಂಭಯೋನಿ ಅಂದರೆ ಅಗಸ್ತ್ಯ, ಅಲ್ಲಿ ಮುನಿಯಲ್ಲ, ನಕ್ಷತ್ರ. ಮಳೆಗೆ ಕೆಂಪಾಗಿದ್ದ ಹೊಳೆ ತಿಳಿಯಾಗೋ ಕಾಲವನ್ನ ಆ ನಕ್ಷತ್ರದ ಜೊತೆ ಕಟ್ಟಿದ್ದಾರೆ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಗಸ್ತ್ಯಚಾರ ಅಂತ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅರಬರಲ್ಲೂ ಸುಹೈಲ್ ಹುಟ್ಟೋದಕ್ಕೂ ಹವಾಮಾನಕ್ಕೂ ಇಂಥದ್ದೇ ನಂಟು ಇದೆಯಾ?

ನಹ್ವ್‌ಸರ್ಫ್
ಇದೆ ಅಕ್ಕ, ಇವತ್ತಿಗೂ ಇದೆ. ಕೊಲ್ಲಿ ದೇಶಗಳಲ್ಲಿ ಆಗಸ್ಟ್ 24ರ ಸುಮಾರಿಗೆ ಬೆಳಗಿನ ಜಾವ ಸುಹೈಲ್ ಕಾಣಿಸಿಕೊಳ್ಳೋದನ್ನ ಜನ ಕಾಯ್ತಾರೆ, ಬೇಸಿಗೆಯ ಧಗೆ ಮುರಿಯೋ ಗುರುತು ಅದು. ‘ಸುಹೈಲ್ ಹುಟ್ಟಿದರೆ ರಾತ್ರಿ ತಂಪು’ ಅಂತ ಒಂದು ಗಾದೆ. ‘ಸುಹೈಲ್ ಹುಟ್ಟಿದ ಮೇಲೆ ಹಳ್ಳದ ನೆರೆಯನ್ನ ನಂಬಬೇಡ’ ಅಂತ ಇನ್ನೊಂದು. ಒಂಟೆಮರಿಗಳನ್ನ ತಾಯಿಹಾಲು ಬಿಡಿಸೋದನ್ನೂ ಹಿಂದೆ ಇದರ ಮೇಲೇ ಲೆಕ್ಕ ಹಾಕ್ತಿದ್ದರು. ದುಬೈ, ದಮ್ಮಾಮ್ ಕಡೆ ದುಡಿಯೋ ನಮ್ಮೂರಿನವರು ಈ ಮಾತನ್ನ ಅಲ್ಲಿನವರ ಬಾಯಲ್ಲಿ ಕೇಳಿರ್ತಾರೆ.

ಹಡಗಿನವರಿಗೂ ಇದು ದಾರಿಯ ನಕ್ಷತ್ರ. ಅರಬಿ ನಾವಿಕರ ದಿಕ್ಸೂಚಿಯಲ್ಲಿ ದಕ್ಷಿಣ ಧ್ರುವದ ಹೆಸರೇ ‘ಕುತ್ಬ್ ಸುಹೈಲ್’.

ರಾತ್ರಿ ಆಕಾಶ, ಸಾಗರ
ಆಗಸ್ಟ್ 24 ಅನ್ನೋದು ಅಲ್ಲಿಯ ಅಕ್ಷಾಂಶಕ್ಕೆ. ನಾವು ಇನ್ನೂ ದಕ್ಷಿಣದಲ್ಲಿರೋದರಿಂದ ಇಲ್ಲಿ ಅದು ಮೊದಲೇ ಹುಟ್ಟುತ್ತೆ. ಆಗಸ್ಟ್ 5ರ ಹೊತ್ತಿಗೇ ಶಿವಮೊಗ್ಗದಲ್ಲಿ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಮುಂಚೆ ಆಗ್ನೇಯದಲ್ಲಿ ದಿಗಂತ ದಾಟಿರುತ್ತೆ. ಆದರೆ ಆಷಾಢ ಶ್ರಾವಣದ ಮಳೆ ಮೋಡದಲ್ಲಿ ಮಲೆನಾಡಿನವರಿಗೆ ಅದು ಸಿಗೋದು ಅಪರೂಪ. ಉತ್ತರಕ್ಕೆ ಹೋದಷ್ಟೂ ತಡ, ಮತ್ತೆ ಕೆಳಗೆ. 37 ಡಿಗ್ರಿ ಅಕ್ಷಾಂಶ ದಾಟಿದರೆ ಕಾಣೋದೇ ಇಲ್ಲ.

ಸ್ಪೇನ್ ದೇಶದ ಮಲಗಾ ಹತ್ತಿರ ಫುಯೆನ್‌ಹಿರೋಲಾ ಅನ್ನೋ ಊರಲ್ಲಿ ಸೊಹೈಲ್ ಕೋಟೆ ಅಂತಲೇ ಒಂದು ಕೋಟೆ ಇದೆ. 36.5 ಡಿಗ್ರಿ ಅಕ್ಷಾಂಶ. ಮೇಲಿನ ಲೆಕ್ಕವೇ ಹಾಕಿ: 90ರಿಂದ 36.5, ಆಮೇಲೆ 52.7 ಕಳೆದರೆ 0.8 ಡಿಗ್ರಿ. ಸಮುದ್ರದ ಅಂಚನ್ನ ಸವರಿಕೊಂಡು ಮುಳುಗುತ್ತೆ. ಯೂರೋಪಿನ ನೆಲದಲ್ಲಿ ನಿಂತು ನೋಡೋಕೆ ಸಿಗೋ ಕೆಲವೇ ಜಾಗಗಳಲ್ಲಿ ಅದೊಂದು. ಪ್ರವಾದಿ ಚರಿತ್ರೆಗೆ ವ್ಯಾಖ್ಯಾನ ಬರೆದ ಇಮಾಮ್ ಸುಹೈಲಿ ಆ ಕಡೆಯವರೇ. ಸುಹೈಲಿ ಅಂದರೆ ಸುಹೈಲ್ ಊರಿನವರು, ನಕ್ಷತ್ರದ ಹೆಸರು ಊರಿಗೆ, ಊರಿನ ಹೆಸರು ವಿದ್ವಾಂಸರಿಗೆ. ಅವರು ತೀರಿಕೊಂಡಿದ್ದು 1185ರಲ್ಲಿ, ಮರ್‍ರಾಕಿಶ್‌ನಲ್ಲಿ.

ಬೆಟ್ಟದ ನೆಲ್ಲಿ
ಒಂದು ಅಡ್ಡಿ ಇದೆ. ಅರಬರ ಹಳೇ ಕಥೆಯಲ್ಲಿ ಸುಹೈಲ್ ಮದುವೆಯಾದ ಹೆಣ್ಣು ಜೌಜಾಳನ್ನ ಕೊಂದು ದಕ್ಷಿಣಕ್ಕೆ ಓಡಿಹೋದವನು ಅಂತಾರೆ. ಅಂಥವನ ಹೆಸರು ಮಗುವಿಗೆ ಯಾಕೆ? ಮತ್ತೆ ನಕ್ಷತ್ರದ ಹೆಸರಿಡೋದು ನಕ್ಷತ್ರ ಪೂಜೆಗೆ ಹತ್ತಿರ ಆಗಲ್ವಾ?

ನಹ್ವ್‌ಸರ್ಫ್
ಕಥೆ ಇರೋದು ನಿಜ, ಇಸ್ಲಾಮಿಗಿಂತ ಹಳೇದು. ಜೌಜಾ ಅಂದರೆ ಮಹಾವ್ಯಾಧನ ಪುಂಜ. ಸುಹೈಲನ ಇಬ್ಬರು ತಂಗಿಯರಲ್ಲಿ ಒಬ್ಬಳು ಲುಬ್ಧಕ, ಆಕಾಶಗಂಗೆ ದಾಟಿ ಅಣ್ಣನ ಹಿಂದೆ ಹೋದಳು. ಇನ್ನೊಬ್ಬಳು ಪ್ರೋಸಿಯಾನ್, ಈಚೆ ದಡದಲ್ಲೇ ಉಳಿದು ಅತ್ತು ಅತ್ತು ಕಣ್ಣು ಮಂಜಾದವಳು. ಯಾವ ನಕ್ಷತ್ರ ಎಲ್ಲಿದೆ, ಯಾವುದು ಮಂಕು ಅನ್ನೋದನ್ನ ನೆನಪಿಡೋಕೆ ಕಟ್ಟಿದ ಕಥೆ.

ಧರ್ಮದ ಪ್ರಶ್ನೆಗೆ ನೇರ ಉತ್ತರ ಇದೆ. ಪ್ರವಾದಿಯವರು ಅರ್ಥ ಕೆಟ್ಟದ್ದಾದ ಹೆಸರನ್ನ ಬದಲಾಯಿಸ್ತಿದ್ದರು. ಸುಹೈಲ್ ಹೆಸರಿನ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಒಬ್ಬರಲ್ಲ, ಹಲವರಿದ್ದರು, ಒಬ್ಬರ ಹೆಸರನ್ನೂ ಬದಲಾಯಿಸಲಿಲ್ಲ. ನಕ್ಷತ್ರದ ಬಗ್ಗೆ ಎಚ್ಚರಿಕೆ ಇರೋದು ಲುಬ್ಧಕನ ವಿಷಯದಲ್ಲಿ. ಅದನ್ನ ಪೂಜಿಸೋರಿದ್ದರು, ಅದಕ್ಕೇ ಕುರ್‌ಆನ್ 53:49ರಲ್ಲಿ ಅಲ್ಲಾಹನೇ ‘ಶಿಅ್‌ರಾ’ದ, ಅಂದರೆ ಲುಬ್ಧಕದ, ಒಡೆಯ ಅಂತ ಬರುತ್ತೆ. ಹೆಸರಿಡೋದು ಬೇರೆ, ಪೂಜೆ ಬೇರೆ.

ಹಳಗನ್ನಡ ಓದು
ಬೆಟ್ಟದ ನೆಲ್ಲಿಯವರೇ, ಆ ಕಥೆಯನ್ನ ನಮ್ಮ ಅಗಸ್ತ್ಯನ ಪಕ್ಕ ಇಟ್ಟು ನೋಡಿ. ತಾನು ಮರಳಿ ಬರೋವರೆಗೂ ಬಗ್ಗಿರು ಅಂತ ವಿಂಧ್ಯಕ್ಕೆ ಹೇಳಿ ದಕ್ಷಿಣಕ್ಕೆ ಹೋದ ಮುನಿ, ಮರಳಿ ಬರಲೇ ಇಲ್ಲ. ಅಲ್ಲಿ ಸುಹೈಲನೂ ದಕ್ಷಿಣಕ್ಕೆ ಹೋದವನು, ಮರಳಲಿಲ್ಲ. ಒಂದರಿಂದ ಇನ್ನೊಂದು ಬಂತು ಅಂತ ಹೇಳ್ತಿಲ್ಲ. ಉತ್ತರದಲ್ಲಿ ನಿಂತು ನೋಡೋರಿಗೆ ಆ ನಕ್ಷತ್ರ ದಕ್ಷಿಣದ ಅಂಚಲ್ಲಿ ತಲೆ ಎತ್ತಿ ಹಾಗೇ ತಗ್ಗುತ್ತೆ, ತಮ್ಮ ಕಡೆ ಬರೋದೇ ಇಲ್ಲ. ಎರಡೂ ಜನಕ್ಕೆ ಆಕಾಶವೇ ಆ ಸಾಲನ್ನ ಹೇಳಿಕೊಟ್ಟಿದೆ ಅನ್ನಿಸುತ್ತೆ ನನಗೆ.

ಸಾಹಿತ್ಯದ ಇನ್ನೊಂದು ಎಳೆ. ಪಂಚತಂತ್ರದ ಕರಟಕ ದಮನಕರು ಅರಬಿಗೆ ಹೋಗಿ ಕಲೀಲಾ ದಿಮ್ನಾ ಆದರು. ಅದನ್ನ ಹೆರಾತ್‌ನಲ್ಲಿ ಹುಸೈನ್ ವಾಇಜ್ ಕಾಶಿಫೀ ಪರ್ಷಿಯನ್‌ಗೆ ತಂದಾಗ ಇಟ್ಟ ಹೆಸರು ‘ಅನ್ವಾರೆ ಸುಹೈಲಿ’, ಸುಹೈಲ್‌ನ ಬೆಳಕುಗಳು. ಆಶ್ರಯ ಕೊಟ್ಟ ಅಮೀರ್ ಶೇಖ್ ಅಹ್ಮದ್ ಸುಹೈಲಿಯ ಹೆಸರನ್ನೂ ನಕ್ಷತ್ರವನ್ನೂ ಒಂದೇ ಮಾತಲ್ಲಿ ಹಿಡಿದಿದ್ದಾನೆ. ಕಾಶಿಫೀ ಬದುಕಿದ್ದು 1500ರ ದಶಕದ ಮೊದಲ ವರ್ಷಗಳವರೆಗೆ. ‘ಬೆಳಕು’ ಅನ್ನೋ ಅರ್ಥ ಹೆಸರಿಗೆ ಅಂಟಿರೋದು ಈ ಥರದ ಪರ್ಷಿಯನ್, ಉರ್ದು ಬಳಕೆಯಿಂದಲೇ ಇರಬೇಕು. ಬೆಳಕು ಅಂತ ಹೇಳಬಹುದು, ಆದರೆ ಅದು ನಕ್ಷತ್ರದ್ದು, ಚಂದ್ರನದ್ದಲ್ಲ.

ತುಂಗೆದಡ
ಸಹಾಬಿಗಳು ಯಾರ್‍ಯಾರು ಅಂತ ಸ್ವಲ್ಪ ಹೇಳ್ತೀರಾ? ಮನೆಯಲ್ಲಿ ಹಿರಿಯರು ಮೊದಲು ಕೇಳೋದು ಅದನ್ನೇ.

ಬ್ಯಾರಿ ಮನೆ, ಕೊಪ್ಪ
ಮಗುವಿನ ಹೆಸರಿಗೆ ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸೋದು ಒಬ್ಬ ಹುಡುಗನೇ. 622ರಲ್ಲಿ ಪ್ರವಾದಿಯವರು ಮದೀನಾಕ್ಕೆ ಬಂದಾಗ ಒಂಟೆ ಮಂಡಿಯೂರಿದ ಜಾಗ ಸಹ್ಲ್, ಸುಹೈಲ್ ಅನ್ನೋ ಇಬ್ಬರು ತಬ್ಬಲಿ ಹುಡುಗರದ್ದು. ಖರ್ಜೂರ ಒಣಗಿಸೋ ಕಣ ಅದು, ನಮ್ಮಲ್ಲಿ ಅಡಿಕೆ ಒಣಗಿಸೋ ಅಂಗಳ ಇದ್ದ ಹಾಗೆ. ಹುಡುಗರು ಸುಮ್ಮನೆ ಕೊಡ್ತೀವಿ ಅಂದರು. ಪ್ರವಾದಿಯವರು ಒಪ್ಪದೆ ಬೆಲೆ ಕೊಟ್ಟು ಕೊಂಡರು. ಮದೀನಾದ ಮಸ್ಜಿದುನ್ನಬವಿ ಎದ್ದಿದ್ದು ಆ ಕಣದ ಮೇಲೆ. ಹಜ್, ಉಮ್ರಾಕ್ಕೆ ಹೋದೋರು ನಿಂತು ನಮಾಜ್ ಮಾಡೋ ನೆಲ ಒಂದು ಕಾಲಕ್ಕೆ ಸುಹೈಲ್ ಅನ್ನೋ ಹುಡುಗನ ಆಸ್ತಿ.

ಎರಡನೆಯವರು ಸುಹೈಲ್ ಬಿನ್ ಬೈದಾ. ಅಬಿಸೀನಿಯಾಕ್ಕೆ ಹಿಜ್ರತ್ (ವಲಸೆ) ಮಾಡಿದವರು, ಮಕ್ಕಾದವರ ವಿರುದ್ಧದ ಬದ್ರ್ ಯುದ್ಧದಲ್ಲಿ ಇದ್ದವರು. ಅವರ ಜನಾಜಾ ನಮಾಜನ್ನ (ಸತ್ತವರಿಗಾಗಿ ಮಾಡೋ ಪ್ರಾರ್ಥನೆ) ಪ್ರವಾದಿಯವರು ಮಸೀದಿಯ ಒಳಗೇ ಮಾಡಿಸಿದರು ಅಂತ ಆಯಿಶಾ ಅವರ ಹದೀಸ್ ಇದೆ. ಮಸೀದಿಯೊಳಗೆ ಜನಾಜಾ ಮಾಡಬಹುದಾ ಅನ್ನೋ ಚರ್ಚೆಯಲ್ಲಿ ಶಾಫಿಈ ಪಂಥದವರಾದ ನಾವು ಹಿಡಿಯೋ ಆಧಾರ ಅದು.

ನಹ್ವ್‌ಸರ್ಫ್
ಮೂರನೆಯವರು ಎಲ್ಲರಿಗಿಂತ ಹೆಸರುವಾಸಿ, ಸುಹೈಲ್ ಬಿನ್ ಅಮ್ರ್. ಮಕ್ಕಾದ ಖುರೈಷ್ ಕುಲದ ದೊಡ್ಡ ಮಾತುಗಾರ. ಬದ್ರ್‌ನಲ್ಲಿ (624) ಸೆರೆಸಿಕ್ಕಾಗ, ಇವನ ಮುಂದಿನ ಹಲ್ಲು ಕಿತ್ತುಬಿಡೋಣ, ಮತ್ತೆ ನಮ್ಮ ವಿರುದ್ಧ ಭಾಷಣ ಮಾಡಬಾರದು ಅಂತ ಉಮರ್ ಕೇಳಿದರು. ಪ್ರವಾದಿಯವರು ಬೇಡ ಅಂದರು. 628ರ ಹುದೈಬಿಯಾ ಒಪ್ಪಂದದ ಹೊತ್ತಲ್ಲಿ ಮಕ್ಕಾದವರು ಸಂಧಾನಕ್ಕೆ ಕಳಿಸಿದ್ದೂ ಇವರನ್ನೇ. ದೂರದಿಂದ ಬರೋದು ಕಂಡು ಪ್ರವಾದಿಯವರು ‘ನಿಮ್ಮ ಕೆಲಸ ಈಗ ಸುಗಮವಾಯ್ತು’ ಅಂದರು. ಅರಬಿಯಲ್ಲಿ ಆ ಕ್ರಿಯಾಪದ ‘ಸಹುಲ’, ಅದೇ ಸ-ಹ-ಲ. ಹೆಸರಿನಿಂದಲೇ ಶುಭ ಹಿಡಿದ ಮಾತು ಅದು. ಒಪ್ಪಂದದಲ್ಲಿ ‘ರಸೂಲುಲ್ಲಾಹ್’ (ಅಲ್ಲಾಹನ ದೂತ) ಅಂತ ಬರೆಯೋದನ್ನ ಅದೇ ಸುಹೈಲ್ ತಡೆದು ‘ಮುಹಮ್ಮದ್ ಬಿನ್ ಅಬ್ದುಲ್ಲಾಹ್’ ಅಂತ ಬರೆಸಿದರು. 630ರಲ್ಲಿ ಮಕ್ಕಾ ಗೆದ್ದ ಮೇಲೆ ಇಸ್ಲಾಂ ಸ್ವೀಕರಿಸಿದರು. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಮಕ್ಕಾದ ಜನ ಅಲ್ಲಾಡಿದ್ದರು, ಆಗ ಎದ್ದು ನಿಂತು ಮಾತಾಡಿ ಜನರನ್ನ ಹಿಡಿದು ನಿಲ್ಲಿಸಿದ್ದು ಅದೇ ನಾಲಿಗೆ.

ಕನ್ನಡದಲ್ಲಿ ಬರೆಯೋರು ಇವರನ್ನ ‘ಸುಹೈಲ್ ಬಿನ್ ಉಮರ್’ ಮಾಡಿಬಿಡ್ತಾರೆ, ಅದು ತಪ್ಪು. ಅಮ್ರ್ ಬೇರೆ, ಉಮರ್ ಬೇರೆ. ಅರಬಿಯಲ್ಲಿ ಎರಡನ್ನೂ ಒಂದೇ ಮೂರಕ್ಷರದಲ್ಲಿ ಬರೆಯೋದರಿಂದ, ಗೊಂದಲ ಆಗದಿರಲಿ ಅಂತ ಅಮ್ರ್‌ಗೆ ಕೊನೆಯಲ್ಲಿ ಓದದೇ ಬಿಡೋ ಒಂದು ವಾವ್ ಸೇರಿಸ್ತಾರೆ. ಆ ವಾವ್ ಕಂಡರೆ ಅಮ್ರ್ ಅಂತಲೇ ಓದಬೇಕು.

ಇನ್ನು ‘ಬಿನ್’. ಅದು ನಮಗೇನೂ ಹೊಸದಲ್ಲ. ಸೊರಬದ ಯಾವ ರೈತರ ಪಹಣಿ ತೆಗೆದರೂ ಇಂಥವರು ಬಿನ್ ಇಂಥವರು ಅಂತಲೇ ಇರುತ್ತೆ.

ದಖನಿ ಜಬಾನ್
ಉಚ್ಚಾರದ ಪ್ರಶ್ನೆಗೆ ಬರೋಣ. ಅರಬಿಯಲ್ಲಿ ಸು-ಹೈಲ್. ಉರ್ದುವಿನಲ್ಲಿ ‘ಹ’ ಮುಂದೆ ಬಂದರೆ ಹ್ರಸ್ವ ಉ-ಕಾರ ಒ-ಕಾರದ ಕಡೆ ವಾಲುತ್ತೆ. ಬರೆಯೋದು ಶುಹ್ರತ್, ಅನ್ನೋದು ಶೊಹ್ರತ್. ಅದೇ ನಿಯಮದಲ್ಲಿ ಸುಹೈಲ್ ಸೊಹೇಲ್ ಆಗಿದೆ. ಹಾಗಾಗಿ ಶಿವಮೊಗ್ಗ, ಭದ್ರಾವತಿಯ ದಖನಿ ಮನೆಗಳಲ್ಲಿ ಸೊಹೇಲ್, ಬ್ಯಾರಿ ಮನೆಗಳಲ್ಲಿ ಸುಹೈಲ್ ಅಂತ ಕೇಳಿಸಿದರೆ ಒಬ್ಬರು ತಪ್ಪು ಅಂತಲ್ಲ, ಒಂದೇ ಹೆಸರು ಎರಡು ದಾರಿಯಲ್ಲಿ ಬಂದಿದೆ. ಬರೆಯುವಾಗ ಮಾತ್ರ ಒಂದನ್ನ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಉರ್ದುವಿನಲ್ಲಿ ಆಹ್ವಾನ ಪತ್ರ, ಕಲ್ಲಿನ ಫಲಕ ಬರೆಸುವಾಗ ಆಗೋ ತಪ್ಪುಗಳನ್ನ ಹೇಳ್ತೀನಿ. ಉರ್ದುವಿನಲ್ಲಿ ‘ಹ’ಕ್ಕೆ ಚಿಕ್ಕದು, ದೊಡ್ಡದು ಅಂತ ಬೇರೆ ಬೇರೆ ಅಕ್ಷರ ಇವೆ, ಈ ಹೆಸರಲ್ಲಿರೋದು ಚೋಟಿ (ಚಿಕ್ಕ) ಹೇ. ಮಧ್ಯದಲ್ಲಿ ಬಂದಾಗ ಗೆರೆಯ ಕೆಳಗೆ ಒಂದು ಸಣ್ಣ ಕೊಂಡಿ ಇರಬೇಕು. ಕೊಂಡಿ ಬಿಟ್ಟುಹೋದರೆ ಅದು ಬರೀ ಒಂದು ಹಲ್ಲಾಗಿ ನಿಲ್ಲುತ್ತೆ, ಕೆಳಗಿನ ಚುಕ್ಕೆ ಒಂದು ಅತ್ತಿತ್ತ ಆದರೆ ಓದೋರು ‘ಸಬೀಲ್’ ಅಂತ ಓದ್ತಾರೆ. ಸಬೀಲ್ ಅಂದರೆ ದಾರಿ, ಮೊಹರಂನಲ್ಲಿ ಶರಬತ್ತು ಹಂಚೋ ಕಟ್ಟೆ. ಎರಡು ಕಣ್ಣಿನ ಹೇ ಹಾಕಿದರೆ ಉರ್ದು ಓದೋರಿಗೆ ಅದು ಮಹಾಪ್ರಾಣದ ಗುರುತು, ಹೆಸರೇ ಕೆಡುತ್ತೆ. ಅರಬಿಯಲ್ಲಿ ಮಧ್ಯದ ಹಾ ಕಾಣೋದು ಆ ಎರಡು ಕಣ್ಣಿನ ಹಾಗೇ, ಅದಕ್ಕೇ ಅರಬಿ ಕೀಲಿಮಣೆಯಲ್ಲಿ ಟೈಪ್ ಮಾಡಿ ಉರ್ದು ಪತ್ರಕ್ಕೆ ಹಾಕಿದಾಗ ಈ ಯಡವಟ್ಟು ಆಗುತ್ತೆ. ದೊಡ್ಡ ಹೇ ಹಾಕೋದಂತೂ ಪೂರ್ತಿ ತಪ್ಪು. ದೊಡ್ಡ ಹೇ ಇರೋದು ‘ಸಾಹಿಲ್’ನಲ್ಲಿ. ಅದು ಬೇರೆ ಧಾತು, ಅರ್ಥ ಕಡಲ ತೀರ.

‘ಸುಹೈಬ್’ ಕೂಡ ಬೇರೆಯೇ. ಅದು ಸ್ವಾದ್ ಅಕ್ಷರದಿಂದ ಶುರು, ಕೆಂಚುಗೂದಲಿನವನು ಅನ್ನೋ ಅರ್ಥ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಸು’ ಬರೋದರಿಂದ ಕೊನೆಯ ಒಂದಕ್ಷರದ ಮೇಲೇ ಎಲ್ಲ ನಿಂತಿದೆ. ಫೋನಿನಲ್ಲಿ ಹೇಳಿ ಬರೆಸಬೇಡಿ, ಚೀಟಿಯಲ್ಲಿ ಬರೆದುಕೊಡಿ.

ಬೆಟ್ಟದ ನೆಲ್ಲಿ
ಅಬ್ದುಲ್ ಸುಹೈಲ್ ಅಂತ ಇಡಬಹುದಾ? ಕೇಳೋಕೆ ಚೆನ್ನಾಗಿದೆ.

ನಹ್ವ್‌ಸರ್ಫ್
ಖಂಡಿತ ಬೇಡ. ಅಬ್ದ್ ಅಂದರೆ ದಾಸ. ಅಬ್ದುಲ್ ಆದಮೇಲೆ ಅಲ್ಲಾಹನ ಹೆಸರೇ ಬರಬೇಕು, ಅಬ್ದುಲ್ ಕರೀಮ್, ಅಬ್ದುಲ್ ರಹೀಮ್ ಅನ್ನೋ ಹಾಗೆ. ಸುಹೈಲ್ ಅಲ್ಲಾಹನ ಹೆಸರಲ್ಲ. ನಕ್ಷತ್ರದ ದಾಸ ಅಂತಾಗುತ್ತೆ. ನೀವು ಮೇಲೆ ಕೇಳಿದ ನಕ್ಷತ್ರ ಪೂಜೆಯ ಪ್ರಶ್ನೆ ನಿಜವಾಗಿ ಏಳೋದು ಇಲ್ಲಿ. ಮುಹಮ್ಮದ್ ಸುಹೈಲ್, ಸುಹೈಲ್ ಅಹ್ಮದ್, ಇವು ಸರಿ. ಹೆಣ್ಣುಮಗುವಿಗೆ ಸುಹೈಲಾ, ಅಥವಾ ಸಹ್ಲಾ. ಸುಹೈಲ್ ಬಿನ್ ಅಮ್ರ್ ಅವರ ಮಗಳ ಹೆಸರೇ ಸಹ್ಲಾ.

ಬ್ಯಾರಿ ಮನೆ, ಕೊಪ್ಪ
ಹೆಸರಿಡೋ ಏಳನೇ ದಿನದ ಲೆಕ್ಕ ಹೇಳ್ತೀನಿ. ನಮ್ಮಲ್ಲಿ ದಿನ ಶುರುವಾಗೋದು ಮಗ್ರಿಬ್‌ಗೆ, ಅಂದರೆ ಸೂರ್ಯ ಮುಳುಗಿದಾಗ. ಮಗು ಶನಿವಾರ ಮಧ್ಯಾಹ್ನ ಹುಟ್ಟಿದ್ದರೆ ಶನಿವಾರವೇ ಒಂದನೇ ದಿನ, ಏಳನೇ ದಿನ ಶುಕ್ರವಾರ. ಶನಿವಾರ ಮಗ್ರಿಬ್ ಆದ ಮೇಲೆ ಹುಟ್ಟಿದ್ದರೆ ಅದು ಭಾನುವಾರದ ರಾತ್ರಿ, ಆಗ ಏಳನೇ ದಿನ ಶನಿವಾರ. ಆಸ್ಪತ್ರೆಯ ಚೀಟಿಯಲ್ಲಿ ತಾರೀಖು ಮಾತ್ರ ನೋಡಿ ಲೆಕ್ಕ ಹಾಕಿದರೆ ಇಲ್ಲಿ ಒಂದು ದಿನ ತಪ್ಪುತ್ತೆ, ಹುಟ್ಟಿದ ಗಂಟೆಯನ್ನೂ ನೋಡಬೇಕು. ಹೆಸರನ್ನ ಏಳನೇ ದಿನಕ್ಕೇ ಕಾಯಬೇಕಂತಿಲ್ಲ. ಪ್ರವಾದಿಯವರು ತಮ್ಮ ಮಗ ಇಬ್ರಾಹೀಮ್‌ಗೆ ಹುಟ್ಟಿದ ರಾತ್ರಿಯೇ ಹೆಸರಿಟ್ಟಿದ್ದರು.

ಅಖೀಖಾಕ್ಕೆ (ಮಗು ಹುಟ್ಟಿದ್ದಕ್ಕೆ ಕೊಡೋ ಬಲಿ) ಗಂಡುಮಗುವಿಗೆ ಎರಡು ಆಡು ಅಥವಾ ಕುರಿ. ವಯಸ್ಸಿನಲ್ಲಿ ಮದ್ಹಬ್‌ನ (ಧರ್ಮಶಾಸ್ತ್ರದ ಪಂಥದ) ವ್ಯತ್ಯಾಸ ಇದೆ. ಶಾಫಿಈಗಳಿಗೆ ಆಡು ಎರಡು ವರ್ಷ ತುಂಬಿರಬೇಕು, ಕುರಿ ಒಂದು ವರ್ಷ. ಹನಫಿಗಳಿಗೆ ಆಡು ಒಂದು ವರ್ಷ, ಕುರಿ ಆರು ತಿಂಗಳು ದಾಟಿ ನೋಡೋಕೆ ಒಂದು ವರ್ಷದ ಹಾಗೆ ದಷ್ಟಪುಷ್ಟ ಇದ್ದರೂ ನಡೆಯುತ್ತೆ. ಸಂತೆಯಲ್ಲಿ ವಯಸ್ಸನ್ನ ಬಾಯಿಮಾತಲ್ಲಿ ನಂಬದೆ ಹಲ್ಲು ನೋಡಿ ಕೊಳ್ಳಿ. ತಲೆಕೂದಲು ತೆಗೆಸಿ ಅದರ ತೂಕದಷ್ಟು ಬೆಳ್ಳಿಯ ಬೆಲೆ ದಾನ ಕೊಡೋ ಸುನ್ನತ್ (ಪ್ರವಾದಿಯವರ ಪದ್ಧತಿ) ಇದೆ. ಎಳೆಕೂದಲು ಮನೆಯ ತಕ್ಕಡಿಗೆ ಮುಟ್ಟೋದೇ ಇಲ್ಲ, ಒದ್ದೆ ಆರಿದ ಮೇಲೆ ಕಾಗದದಲ್ಲಿ ಕಟ್ಟಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಕಾಗದದ ತೂಕ ಕಳೆಯಿರಿ.

ಅರ್ಜಿ ಬರಹ
ಕಾಗದಪತ್ರದ ಮಾತು. ಹೆಸರು ತೀರ್ಮಾನ ಆಗದಿದ್ದರೂ ಜನನ ನೋಂದಣಿ 21 ದಿನದೊಳಗೆ ಆಗಲಿ, ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸೋದು ಉಚಿತ, ಆಮೇಲೆ ತಡಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅವಸರದಲ್ಲಿ ಆಸ್ಪತ್ರೆಯಲ್ಲಿ ಯಾರೋ ಕೇಳಿದ್ದಕ್ಕೆ ಬಾಯಿಗೆ ಬಂದ ಹೆಸರು ಹೇಳಿಬಿಡೋದೇ ಮುಂದಿನ ಎಲ್ಲ ತೊಂದರೆಗೆ ಮೂಲ. ಒಮ್ಮೆ ಹೆಸರು ಏರಿದ ಮೇಲೆ ಅದನ್ನ ತಿದ್ದಿಸೋಕೆ ಜನನ ಮರಣ ನೋಂದಣಿ ಕಾಯ್ದೆಯ ಕಲಂ 15ರ ಅಡಿ ದಾಖಲೆ ಸಮೇತ ಅರ್ಜಿ ಹಾಕಿ ಓಡಾಡಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಇರೋ ಅಕ್ಷರವೇ ಮುಂದೆ ಎಲ್ಲ ಕಡೆ ಹೋಗುತ್ತೆ.

ಇಂಗ್ಲಿಷ್‌ನಲ್ಲಿ ಈ ಹೆಸರಿಗೆ ಕನಿಷ್ಠ ನಾಲ್ಕು ಕಾಗುಣಿತ ಓಡಾಡ್ತಿವೆ. ಸುಹೈಲ್‌ಗೆ ಎಸ್-ಯು-ಎಚ್-ಎ-ಐ-ಎಲ್ ಹಿಡಿಯಿರಿ. ಸೊಹೇಲ್ ಬೇಕಿದ್ದರೆ ಯು ಬದಲು ಓ. ‘ಇ-ಎಲ್’ ಅಥವಾ ‘ಐ-ಎಲ್’ ಅಂತ ಮೊಟಕು ಮಾಡಿದರೆ ಆಧಾರ್ ಯಂತ್ರ ಅದನ್ನ ಕನ್ನಡಕ್ಕೆ ತಿರುಗಿಸುವಾಗ ಸುಹೆಲ್, ಸುಹಿಲ್ ಮಾಡಿಬಿಡುತ್ತೆ. ಕನ್ನಡದ ಸಾಲು ತಾನಾಗೇ ಬರೋದು, ಆದರೆ ತಿದ್ದಬಹುದು. ಎದುರಿನ ಪರದೆಯಲ್ಲಿ ಆ ಸಾಲನ್ನ ಓದಿದ ಮೇಲೇ ಒಪ್ಪಿಗೆ ಕೊಡಿ.

ಹೆಸರು ಒಂದೇ ಪದ ಆಗೋದು ಬೇಡ. ಪಾಸ್‌ಪೋರ್ಟಿನಲ್ಲಿ ಬರೀ ಸುಹೈಲ್ ಅಂತಿದ್ದು ಉಪನಾಮದ ಜಾಗ ಖಾಲಿ ಇದ್ದರೆ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶ ಇಲ್ಲ ಅಂತ ನಿಯಮ ತಂದಿತ್ತು. ಮುಹಮ್ಮದ್ ಸೇರಿಸೋದಾದರೆ ಪೂರ್ತಿ ಬರೆಸಿ. ಒಂದು ಕಡೆ ಎಂ-ಡಿ, ಇನ್ನೊಂದು ಕಡೆ ಎಂ-ಓ-ಎಚ್-ಡಿ, ಮತ್ತೊಂದು ಕಡೆ ಪೂರ್ತಿ ಅಂತಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೊತ್ತಿಗೆ ಮೂರು ಹುಡುಗರಾಗಿರ್ತಾರೆ.

ತುಂಗೆದಡ
ಎಲ್ಲರಿಗೂ ತುಂಬ ಕೃತಜ್ಞತೆ. ‘ಮುಹಮ್ಮದ್ ಸುಹೈಲ್’ ಅಂತ ಬರೆಸ್ತೀವಿ. ಶುಕ್ರವಾರವೇ. ಅರ್ಥ ಕೇಳಿದೋರಿಗೆ ಅಗಸ್ತ್ಯ ನಕ್ಷತ್ರ ಅಂತ ಹೇಳೋದು, ಅಜ್ಜಿಗೆ ಮದೀನಾದ ಕಣದ ಹುಡುಗನ ಮಾತು ಹೇಳೋದು. ಅರ್ಜಿ ಕೊಡೋ ಮುಂಚೆ ಇನ್ನೇನಾದರೂ ನೋಡಬೇಕಾ?

ಅರ್ಜಿ ಬರಹ
ಎರಡು ನೋಡಿ. ‘ಹೈ’ಗೆ ಐತ್ವ ಬಿದ್ದಿದೆಯಾ ಅಂತ. ಸಣ್ಣ ಅಕ್ಷರದಲ್ಲಿ ಅಚ್ಚಾದಾಗ ಹೆ, ಹೇ, ಹೈ ಮೂರೂ ಒಂದೇ ಥರ ಕಾಣುತ್ತವೆ. ಆಮೇಲೆ ಕೊನೆಯ ‘ಲ್’ ಅರ್ಧಾಕ್ಷರವಾಗೇ ಇದೆಯಾ ನೋಡಿ, ಟೈಪ್ ಮಾಡೋರ ಕೈಯಲ್ಲಿ ಅದು ಬಿಟ್ಟುಹೋಗಿ ‘ಸುಹೈಲ’ ಆಗಿರುತ್ತೆ. ಕರಡು ಪ್ರತಿಯನ್ನ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ, ಆಮೇಲೆ ಸಹಿ ಹಾಕಿ.